ಜನವರಿಯಲ್ಲಿ ಕೇದಾರಕಂಠ: ಕೈ ಬೆಚ್ಚಗಿಟ್ಟುಕೊಳ್ಳೋದು ಹೇಗೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಜನವರಿ ಮೂರನೇ ವಾರ ನಾನು, ತಂಗಿ, ಅವಳ ಇಬ್ಬರು ಗೆಳತಿಯರು ಉತ್ತರಾಖಂಡದ ಕೇದಾರಕಂಠ ಬೆಟ್ಟಕ್ಕೆ ಚಾರಣ ಹೊರಟಿದ್ದೇವೆ. ಡೆಹ್ರಾಡೂನ್‌ನಿಂದ ಸಾಂಕ್ರಿ, ಅಲ್ಲಿಂದ ಜುಡಾ ಕಾ ತಾಲಾಬ್ ಮೇಲಿನ ದಾರಿ. ತುದಿ ಸುಮಾರು 12,500 ಅಡಿ. ತುದಿ ಹತ್ತುವ ದಿನ ಬೆಳಗಿನ ಜಾವ ಮೂರಕ್ಕೆಲ್ಲ ಕ್ಯಾಂಪ್ ಬಿಡಬೇಕಂತೆ. ಆ ಹೊತ್ತಿಗೆ ಮೈನಸ್ 10 ಇರಬಹುದು ಅಂದಿದ್ದಾರೆ.

ಜಾಕೆಟ್, ಬೂಟು, ಟೋಪಿ ಎಲ್ಲ ಹೊಂದಿಸಿದ್ದಾಯಿತು. ತಲೆಬಿಸಿ ಇರೋದು ಕೈಯದ್ದು. ಕುದುರೆಮುಖದ ಡಿಸೆಂಬರ್ ಗಾಳಿಗೇ ನನ್ನ ಬೆರಳು ಸೆಟೆದುಕೊಳ್ಳುತ್ತವೆ, ಬೂಟಿನ ಲೇಸು ಕಟ್ಟಲು ಆಗುವುದಿಲ್ಲ. ತಂಗಿಯದ್ದು ಇನ್ನೂ ಜಾಸ್ತಿ. ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ ತೆಗೆದರೂ ಅವಳ ಎರಡು ಬೆರಳ ತುದಿ ಬಿಳಿಚಿಕೊಳ್ಳುತ್ತದೆ.

ಅಂಗಡಿಯವರು ಒಂದು ದಪ್ಪ ಗ್ಲೌಸ್ ತೋರಿಸಿ "ಇದೊಂದೇ ಸಾಕು" ಅಂದರು. ಗೆಳತಿ ಎರಡು ತೆಳು ಗ್ಲೌಸ್ ಒಂದರ ಮೇಲೊಂದು ಹಾಕು ಅನ್ನುತ್ತಾಳೆ. ಬಿಸಿ ಪ್ಯಾಕೆಟ್ ಅಂತಲೂ ಏನೋ ಸಿಗುತ್ತದಂತೆ. ಹಿಮದಲ್ಲಿ ನಡೆದವರು ದಯವಿಟ್ಟು ಹೇಳಿ.

ಸಕಲೇಶಪುರದ_ಚಾರಣಿಗ:
ಒಂದು ದಪ್ಪ ಗ್ಲೌಸ್ ಸಾಲದು. ಮೂರು ಪದರ ಮಾಡಿಕೊಳ್ಳಿ. ಒಳಗೆ ತೆಳು ಲೈನರ್, ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆಯದ್ದು. ಅದರ ಮೇಲೆ ಫ್ಲೀಸ್. ಎಲ್ಲದರ ಮೇಲೆ ಗಾಳಿ, ನೀರು ತಡೆಯುವ ಹೊರ ಕವಚ. ಮೈಕ್ರೋಸ್ಪೈಕ್ಸ್ (ಹಿಮದಲ್ಲಿ ಜಾರದ ಹಾಗೆ ಬೂಟಿನ ಅಡಿಗೆ ಹಾಕುವ ಮುಳ್ಳುಗಳು) ಹಾಕುವಾಗ, ಜಿಪ್ ಎಳೆಯುವಾಗ ಮೇಲಿನ ಎರಡು ಮಾತ್ರ ತೆಗೆಯಿರಿ. ಲೈನರ್ ಕೈಯಲ್ಲೇ ಇರಲಿ. ಬೆಳಗಾಗುವವರೆಗೆ ಬರಿಗೈ ಹೊರಗೆ ಬರಲೇಬಾರದು.

ಅಳತೆ ಬಗ್ಗೆ ಒಂದು ಮಾತು. ಲೈನರ್ ಹಾಕಿಕೊಂಡೇ ಅಂಗಡಿಯಲ್ಲಿ ಹೊರಗಿನದನ್ನು ಹಾಕಿ ನೋಡಿ. ಮುಷ್ಟಿ ಕಟ್ಟಿ. ಬೆರಳ ತುದಿ ಬಟ್ಟೆಗೆ ಒತ್ತಿದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ. ಬಿಗಿಯಾದರೆ ರಕ್ತವೂ ಓಡಾಡುವುದಿಲ್ಲ, ಒಳಗೆ ಗಾಳಿಯೂ ನಿಲ್ಲುವುದಿಲ್ಲ. ಕೈ ಬೆಚ್ಚಗಿಡೋದು ಆ ನಿಂತ ಗಾಳಿಯೇ.

ಹತ್ತಿ ಗ್ಲೌಸ್ ಮಾತ್ರ ಬೇಡ. ಬೆವರು ಕುಡಿದು ಒದ್ದೆಯಾಗಿಯೇ ಕೂರುತ್ತದೆ.

ಗಾಳಿಗುಡ್ಡ:
ಗ್ಲೌಸ್ ಯಾಕೆ, ಮಿಟನ್ ತೆಗೆದುಕೊಳ್ಳಿ. ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕು ಒಟ್ಟಿಗೆ ಇರುತ್ತಲ್ಲ, ಅದು. ಬೆರಳಿಗೆ ಬೆರಳು ತಾಗಿ ಒಂದರ ಬಿಸಿ ಇನ್ನೊಂದಕ್ಕೆ ಸಿಗುತ್ತದೆ. ಅದೇ ದಪ್ಪದ ಗ್ಲೌಸ್‌ಗಿಂತ ಖಂಡಿತ ಬೆಚ್ಚಗೆ.

ಕ್ಯಾಮೆರಾ_ಕಣ್ಣು:
ಮಿಟನ್ ಹಾಕಿ ಶಟರ್ ಒತ್ತಿ ತೋರಿಸಿ ನೋಡೋಣ. ಸೂರ್ಯ ಹುಟ್ಟುವ ಹೊತ್ತಿಗೆ ಪ್ರತಿ ಚಿತ್ರಕ್ಕೂ ತೆಗೆದು ಹಾಕಿ ಮಾಡುತ್ತಾ ಕೂತರೆ ಕೈಯೂ ತಣ್ಣಗೆ, ಚಿತ್ರವೂ ಇಲ್ಲ. ಗ್ಲೌಸೇ ಸರಿ.

ಗಾಳಿಗುಡ್ಡ:
ಒಳಗೆ ಲೈನರ್ ಇದ್ದೇ ಇರುತ್ತದಲ್ಲ ಗುರು. ಮಿಟನ್ ತೆಗೆದಾಗ ಮಣಿಕಟ್ಟಿನ ಎಲಾಸ್ಟಿಕ್ ದಾರದಲ್ಲಿ ನೇತಾಡುತ್ತಿರುತ್ತದೆ. ಒತ್ತು, ಮತ್ತೆ ಕೈ ತೂರಿಸು. ಅಷ್ಟೇ.

ಕ್ಯಾಮೆರಾ_ಕಣ್ಣು:
ದಾರ ಇದ್ದರೆ ಒಪ್ಪುತ್ತೇನೆ. ದಾರ ಇಲ್ಲದ ಮಿಟನ್ ಇಳಿಜಾರಿನಲ್ಲಿ ಗಾಳಿಗೆ ಹಾರಿತೋ, ಆಮೇಲೆ ಆ ಕೈಗೆ ದೇವರೇ ಗತಿ. ಮೆರಿನೊ ಲೈನರ್‌ನಲ್ಲಿ ಎಲ್ಲ ಫೋನಿನ ಪರದೆಯೂ ಕೇಳುವುದಿಲ್ಲ, ಅದನ್ನು ಮನೆಯಲ್ಲೇ ನೋಡಿಕೊಳ್ಳಿ. ಟ್ರೈಪಾಡ್‌ನ ಲೋಹದ ಕಾಲಿಗೆ ಫೋಮ್ ಸುತ್ತಿಡಿ. ಬರಿ ಲೋಹ ಹಿಡಿದರೆ ಗ್ಲೌಸ್ ಹಾಕಿದ್ದರೂ ಅಂಗೈಯ ಬಿಸಿ ಎಳೆದುಕೊಳ್ಳುತ್ತದೆ.

ಹಾಸನದ_ವೈದ್ಯೆ:
ತುಂಗಾತೀರ ಅವರೇ, ಗ್ಲೌಸ್ ಮಾತು ಆಮೇಲೆ. ಮೊದಲು ತಂಗಿಯ ವಿಷಯ. ಬೆರಳು ಬೆಳ್ಳಗಾದ ಮೇಲೆ ನೀಲಿಗೆ ತಿರುಗಿ, ಬಿಸಿಯಾದಾಗ ಕೆಂಪಾಗಿ ಚುಚ್ಚುತ್ತದೆಯೇ? ಬೆಳ್ಳಗಾದ ಜಾಗಕ್ಕೂ ಮಾಮೂಲಿ ಜಾಗಕ್ಕೂ ನಡುವೆ ಗೆರೆ ಎಳೆದ ಹಾಗೆ ಸ್ಪಷ್ಟವಾಗಿ ಕಾಣುತ್ತದೆಯೇ? ಹಾಗಿದ್ದರೆ ಅದು ರೇನೋ ತೊಂದರೆ ಇರಬಹುದು. 1862ರಲ್ಲಿ ಮೊರಿಸ್ ರೇನೋ ಎಂಬ ಫ್ರೆಂಚ್ ವೈದ್ಯರು ಇದನ್ನು ವಿವರಿಸಿದರು, ಅದಕ್ಕೇ ಆ ಹೆಸರು. ಹೆಂಗಸರಲ್ಲಿ ಜಾಸ್ತಿ. ಹೆಚ್ಚಿನವರಿಗೆ ಬೇರೆ ಕಾಯಿಲೆ ಏನೂ ಇರುವುದಿಲ್ಲ. ಕೆಲವರಲ್ಲಿ ಮಾತ್ರ ಲೂಪಸ್, ಸ್ಕ್ಲೆರೋಡರ್ಮಾ ಥರದ ಕಾಯಿಲೆಯ ಜೊತೆ ಬರುತ್ತದೆ. ಆದ್ದರಿಂದ ಹೊರಡುವ ಮೊದಲು ವೈದ್ಯರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ಕೂಡ ನೋಡಿಸಿ. ಬಿ.ಪಿ.ಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಯಿಂದಲೂ ಕೆಲವರಿಗೆ ಕೈ ತಣ್ಣಗಾಗುತ್ತದೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ.

ಇನ್ನು ಎಲ್ಲರಿಗೂ ಬೇಕಾದ ಮಾತು. ಬೆರಳನ್ನು ಮಡಿಸಿ ಬಿಡಿಸುವ ದೊಡ್ಡ ಸ್ನಾಯುಗಳು ಮುಂಗೈಯಲ್ಲಿವೆ, ಬೆರಳಿನಲ್ಲಿ ಇಲ್ಲ. ಹಾಗಾಗಿ ಬೆರಳು ತಾನಾಗಿ ಬಿಸಿ ಹುಟ್ಟಿಸುವುದು ತೀರಾ ಕಡಿಮೆ. ರಕ್ತ ತಂದುಕೊಟ್ಟ ಬಿಸಿಯೇ ಗತಿ. ಎದೆ, ಹೊಟ್ಟೆ ತಣ್ಣಗಾಗುತ್ತಿದೆ ಅಂತ ಮೈಗೆ ಅನ್ನಿಸಿದ ಕೂಡಲೇ ಅದು ಬೆರಳಿನ ರಕ್ತನಾಳ ಕಿರಿದು ಮಾಡಿ ಒಳಗಿನ ಅಂಗಗಳಿಗೆ ಬಿಸಿ ಉಳಿಸುತ್ತದೆ. ಕಾಲುವೆಯಲ್ಲಿ ನೀರು ಕಡಿಮೆ ಬಿಟ್ಟರೆ ಕೊನೆಯ ಗದ್ದೆ ಮೊದಲು ಒಣಗುತ್ತದಲ್ಲ, ಹಾಗೆ. ಕೈ ತಣ್ಣಗಿದ್ದರೆ ಬರೀ ಗ್ಲೌಸ್ ಬದಲಾಯಿಸಿ ಪ್ರಯೋಜನವಿಲ್ಲ. ಮೈಗೆ ಇನ್ನೊಂದು ಪದರ ಹಾಕಿ, ತಲೆ, ಕುತ್ತಿಗೆ, ಮಣಿಕಟ್ಟು ಮುಚ್ಚಿ, ಹೊಟ್ಟೆಗೆ ಏನಾದರೂ ಹಾಕಿ.

ಹಳೇ_ಫೌಜಿ:
ಡಾಕ್ಟರಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ಲಡಾಖ್‌ನಲ್ಲಿ ಇದ್ದಾಗ ನಮಗೆ ಕಲಿಸಿದ್ದೂ ಅದೇ. ಬೆರಳು ನೋಯುತ್ತಿದ್ದರೆ ಇನ್ನೂ ಪರವಾಗಿಲ್ಲ. ನೋವು ನಿಂತು ಏನೂ ಗೊತ್ತಾಗದ ಹಾಗಾದರೆ ಅಲ್ಲೇ ನಿಲ್ಲಬೇಕು. ನಾಚಿಕೊಂಡು ಸುಮ್ಮನಿರಬಾರದು. ಇಬ್ಬಿಬ್ಬರು ಜೋಡಿ ಮಾಡಿಕೊಂಡು ಹೋಗುತ್ತಿದ್ದೆವು. ಒಬ್ಬರ ಮೂಗು, ಕಿವಿ, ಬೆರಳು ಇನ್ನೊಬ್ಬರು ನೋಡಬೇಕು. ತನ್ನ ಮೂಗು ಬೆಳ್ಳಗಾಗಿದ್ದು ತನಗೆ ಕಾಣುವುದಿಲ್ಲ.

ಸೀಮೆಎಣ್ಣೆ, ಪೆಟ್ರೋಲ್ ಕೈ ಮೇಲೆ ಚೆಲ್ಲದ ಹಾಗೆ ನೋಡಿಕೊಳ್ಳಿ. ಸೊನ್ನೆಗಿಂತ ಎಷ್ಟೋ ಕೆಳಗೆ ತಣ್ಣಗಾದರೂ ಪೆಟ್ರೋಲ್ ಹೆಪ್ಪುಗಟ್ಟುವುದಿಲ್ಲ. ಚರ್ಮದ ಮೇಲೆ ಬಿದ್ದು ಆರುತ್ತಾ ಇನ್ನೂ ಬಿಸಿ ಎಳೆಯುತ್ತದೆ. ಸ್ಟೌ ತುಂಬಿಸುವವನ ಕೈಗೇ ಮೊದಲು ಪೆಟ್ಟು.

ಮಲ್ಲಿಗೆ_ಹಂಬು:
ಫೌಜಿ ಅಣ್ಣ, ಸಿಯಾಚಿನ್ ನೋಡಿದ್ದೀರಾ?

ಹಳೇ_ಫೌಜಿ:
ಬೇಸ್ ಕ್ಯಾಂಪ್‌ವರೆಗೆ. ಮೇಲಿನ ಪೋಸ್ಟ್‌ಗಳಿಗೆ ಹೋದವರ ಕೈ ನೋಡಿದ್ದೇನೆ. 1984ರಿಂದ ನಮ್ಮವರು ಅಲ್ಲಿ ಕೂತಿದ್ದಾರೆ. ಚಳಿಗಾಲದಲ್ಲಿ ಮೈನಸ್ 50ರ ತನಕ ಇಳಿಯುವ ಜಾಗ ಅದು.

ಹುಬ್ಬಳ್ಳಿ_ಹುಡುಗಿ:
ನಮ್ಮ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನ ಮರೆಯೋಕೆ ಆಗ್ತದೇನ್ರಿ. 2016ರ ಫೆಬ್ರುವರಿ. 19,600 ಅಡಿ ಎತ್ತರದಾಗ ಹಿಮದ ಅಡಿ ಸಿಕ್ಕು ಆರು ದಿನ ಆದಮೇಲೂ ಜೀವಂತ ಸಿಕ್ಕಿದ್ದರು. ಫೆಬ್ರುವರಿ 11ಕ್ಕೆ ದೆಹಲಿಯ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಇಡೀ ಊರು ಟಿವಿ ಮುಂದೆ ಕೂತಿತ್ತು.

ಹಳೇ_ಫೌಜಿ:
ಹೌದಮ್ಮ. ಅವರ ಜೊತೆಗಿದ್ದ ಒಂಬತ್ತು ಜನರೂ ಹೋದರು. ಮದ್ರಾಸ್ ರೆಜಿಮೆಂಟ್‌ನವರು.

ಮೈಸೂರ್_ಮಂಜ:
ಎಲ್ಲ ಬಿಡಿ, ಹೊರಡುವ ಮುಂಚೆ ಎರಡು ಪೆಗ್ ರಮ್ ಹಾಕಿ. ಕೈ ಏನು, ಕಾಲೂ ಬೆಚ್ಚಗೆ.

ಹಾಸನದ_ವೈದ್ಯೆ:
ದಯವಿಟ್ಟು ಈ ಮಾತನ್ನು ಯಾರೂ ಪಾಲಿಸಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲ ಮಾಡುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬಂದಾಗ ಬೆಚ್ಚಗೆ ಅನ್ನಿಸುತ್ತದೆ ನಿಜ. ಆದರೆ ಆ ಬಿಸಿ ಹೊರಗಿನ ಚಳಿಗೆ ಹೋಗಿಬಿಡುತ್ತದೆ. ಮೈಯ ಒಳ ತಾಪ ಇಳಿಯುತ್ತದೆ, ನಡುಕ ಕಡಿಮೆಯಾಗುತ್ತದೆ, ತೀರ್ಮಾನವೂ ಕೆಡುತ್ತದೆ. ಎತ್ತರದಲ್ಲಿ ಇದು ಇನ್ನೂ ಕೆಟ್ಟದ್ದು. ಸಿಗರೇಟಿನ ನಿಕೋಟಿನ್ ಇದಕ್ಕೆ ಉಲ್ಟಾ, ಬೆರಳಿನ ನಾಳಗಳನ್ನು ಇನ್ನೂ ಕಿರಿದು ಮಾಡುತ್ತದೆ. ರೇನೋ ಇರುವವರು ಅದರ ಹತ್ತಿರವೂ ಹೋಗಬಾರದು.

ಮೈಸೂರ್_ಮಂಜ:
ನಮ್ಮ ಮಾವ ಕೊಡಗಿನಲ್ಲಿ ವರ್ಷಗಟ್ಟಲೆ ಹೀಗೇ ಮಾಡುತ್ತಾ ಬಂದಿದ್ದಾರೆ ಮೇಡಂ, ಏನೂ ಆಗಿಲ್ಲ.

ಸಕಲೇಶಪುರದ_ಚಾರಣಿಗ:
ಮಾವ ಕುಡಿದ ಮೇಲೆ ಮನೆಯೊಳಗೆ ಕಂಬಳಿ ಹೊದ್ದು ಮಲಗುತ್ತಾರೆ ಮಂಜಣ್ಣ. ಇವರು ಬೆಳಗಿನ ಜಾವ ಹಿಮದ ಏಣು ಹತ್ತಬೇಕು. ಎರಡೂ ಒಂದೇನಾ?

ನಂದಿ_ಪೆಡಲ್:
ಸೈಕಲ್ ಕಡೆಯಿಂದ ಒಂದು ಮಾತು. ನಾನು ಡಿಸೆಂಬರ್, ಜನವರಿಯಲ್ಲಿ ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಹೋಗುತ್ತೇನೆ. 1,478 ಮೀಟರ್ ಅಷ್ಟೇ, ಹಿಮ ಇಲ್ಲ ಏನಿಲ್ಲ. ಹತ್ತುವಾಗ ಬೆವರು. ಇಳಿಯುವಾಗ ಅದೇ ಒದ್ದೆ ಗ್ಲೌಸಿಗೆ ಗಾಳಿ ಹೊಡೆಯುತ್ತದೆ. ಎರಡನೇ ತಿರುವಿಗೆಲ್ಲ ಬ್ರೇಕ್ ಹಿಡಿಯುವ ಎರಡು ಬೆರಳು ಮರಗಟ್ಟಿರುತ್ತವೆ. ಹಾಗಾಗಿ ಹತ್ತುವಾಗ ತೆಳು ಗ್ಲೌಸ್. ಮೇಲೆ ನಿಂತು ಕೈ ಒರೆಸಿ, ಬ್ಯಾಗಿನಲ್ಲಿ ಒಣಗಿಟ್ಟ ಇನ್ನೊಂದು ಜೊತೆ ಹಾಕಿಕೊಂಡು ಇಳಿಯುವುದು.

ಆಸ್ಪತ್ರೆಯಲ್ಲಿ ಹಾಕುವಂಥ ತೆಳು ನೈಟ್ರೈಲ್ ಗ್ಲೌಸ್ ಒಳಗೆ ಹಾಕಿದರೂ ಆಗುತ್ತದೆ. ಬೆವರು ಹೊರಗಿನ ಉಣ್ಣೆಗೆ ಇಳಿಯುವುದಿಲ್ಲ. ಕೈ ಒದ್ದೆಯಾಗಿ ಮುದುಡಿದರೂ ಬೆಚ್ಚಗಿರುತ್ತದೆ. ಒಂದೆರಡು ಗಂಟೆಗೆ ಸರಿ. ಇಡೀ ದಿನಕ್ಕೆ ಬೇಡ.

ಬುಲೆಟ್_ಬಸು:
ಬೈಕ್‌ನವರಿಗೆ ಗಾಳಿಯೇ ಶತ್ರು. ಹೊರಗೆ 10 ಡಿಗ್ರಿ ಇದ್ದು ನೀವು 60ರಲ್ಲಿ ಹೋದರೆ ಬರಿ ಚರ್ಮಕ್ಕೆ 5 ಡಿಗ್ರಿಯ ಹಾಗೆ ಅನ್ನಿಸುತ್ತದೆ. ಗಾಳಿ ಚಳಿಯ ಲೆಕ್ಕ ಅದು. ಬೀದರ್ ಕಡೆ ಜನವರಿ ಬೆಳಗ್ಗೆ ಗಾಡಿ ಓಡಿಸಿದವರಿಗೆ ಗೊತ್ತಿರುತ್ತದೆ. ಹ್ಯಾಂಡಲ್‌ಗೆ ಕಟ್ಟುವ ಚೀಲದಂಥ ಕವರ್ ಸಿಗುತ್ತದೆ, ಅದರೊಳಗೆ ಕೈ ತೂರಿಸಿ ಓಡಿಸಬಹುದು. ನೋಡಲು ಚೆಂದ ಇಲ್ಲ. ಆದರೆ ಅದರಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟು ಬೆಚ್ಚಗಿಡುವುದು ಇನ್ನೊಂದಿಲ್ಲ.

ತುಂಗಾತೀರ:
ಮೈನಸ್ 10ರ ಜೊತೆ ಗಾಳಿಯೂ ಇದ್ದರೆ?

ಬುಲೆಟ್_ಬಸು:
ಅದೇ ಲೆಕ್ಕದಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಇದ್ದರೆ ಮೈನಸ್ 20ರ ಹತ್ತಿರ ಅನ್ನಿಸುತ್ತದೆ ಅಕ್ಕ. ಹೊರ ಕವಚಕ್ಕೆ ಜಿಪುಣತನ ಬೇಡ.

ಪೇಪರ್_ಅಣ್ಣ:
ನಾನು ಬೆಂಗಳೂರಲ್ಲಿ ಪೇಪರ್ ಹಾಕುತ್ತಿದ್ದವನು. ಬೆಳಿಗ್ಗೆ ನಾಲ್ಕಕ್ಕೆ ಬಂಡಲ್ ಬಿಚ್ಚಿ ಸಪ್ಲಿಮೆಂಟ್ ಸೇರಿಸಬೇಕು. ಗ್ಲೌಸ್ ಹಾಕಿದರೆ ಹಾಳೆ ಎಣಿಸಲು ಆಗುವುದಿಲ್ಲ. ನಮ್ಮ ಏಜೆಂಟರು ಹಳೇ ಗ್ಲೌಸಿನ ಹೆಬ್ಬೆರಳು, ತೋರುಬೆರಳಿನ ತುದಿ ಮಾತ್ರ ಕತ್ತರಿಸಿ ಕೊಟ್ಟಿದ್ದರು. ಉಳಿದ ಮೂರು ಮುಚ್ಚಿರುತ್ತಿದ್ದವು. ಎಣಿಸಿದ್ದು ಮುಗಿದ ಕೂಡಲೇ ಕೈ ಕಂಕುಳಿಗೆ. ಸ್ವೆಟರ್ ಒಳಗೆ ಎದೆಗೆ ಎರಡು ಹಾಳೆ ಪೇಪರ್ ಇಟ್ಟುಕೊಂಡರೆ ಸೈಕಲ್ ಮೇಲೆ ಗಾಳಿ ನುಗ್ಗುವುದಿಲ್ಲ. ಎದೆ ಬೆಚ್ಚಗಿದ್ದರೆ ಕೈಯೂ ಬೇಗ ಸರಿಹೋಗುತ್ತದೆ. ಮೇಲೆ ಡಾಕ್ಟರ್ ಹೇಳಿದ್ದು ಓದಿದಾಗ ಯಾಕೆ ಅಂತ ಈಗ ಗೊತ್ತಾಯಿತು.

ಕ್ಯಾಮೆರಾ_ಕಣ್ಣು:
ಈ ಎರಡು ಬೆರಳು ಕತ್ತರಿಸುವ ಐಡಿಯಾ ತುಂಬ ಚೆನ್ನಾಗಿದೆ ಅಣ್ಣ. ನಾನು ಹಕ್ಕಿ ನೋಡಲು ಹೋಗುವಾಗ ಖಂಡಿತ ಮಾಡುತ್ತೇನೆ.

ನಂದಿ_ಪೆಡಲ್:
ಬೆಂಗಳೂರಲ್ಲಿ ಈಗೆಲ್ಲಿ ಚಳಿ? 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತಂತೆ. ಇಲ್ಲಿನ ದಾಖಲೆಯಲ್ಲಿ ಅದೇ ಅತಿ ಕಡಿಮೆ.

ಪೇಪರ್_ಅಣ್ಣ:
ಚಳಿ ಇಲ್ಲ ಅನ್ನುವವರು ಬೆಳಿಗ್ಗೆ ಎಂಟಕ್ಕೆ ಏಳುತ್ತಾರೆ.

ರಸಾಯನ_ಮೇಷ್ಟ್ರು:
ಬಿಸಿ ಪ್ಯಾಕೆಟ್ ಬಗ್ಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಎರಡು ಥರ ಸಿಗುತ್ತವೆ.

ಒಂದು, ಒಮ್ಮೆ ಬಳಸಿ ಬಿಸಾಡುವುದು. ಒಳಗೆ ಕಬ್ಬಿಣದ ಪುಡಿ, ಉಪ್ಪು, ಸ್ವಲ್ಪ ನೀರು, ಇದ್ದಿಲ ಪುಡಿ ಇರುತ್ತವೆ. ಮೇಲಿನ ಕವರ್ ಹರಿದರೆ ಗಾಳಿಯ ಆಮ್ಲಜನಕ ತಾಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಗೇಟು ತಿಂಗಳುಗಟ್ಟಲೆ ತುಕ್ಕು ಹಿಡಿಯುವಾಗಲೂ ಬಿಸಿ ಹುಟ್ಟುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಇಲ್ಲಿ ಪುಡಿಯಾಗಿರುವುದರಿಂದ ಅದೆಲ್ಲ ಕೆಲವೇ ಗಂಟೆಗಳಲ್ಲಿ ಆಗಿಹೋಗುತ್ತದೆ. ಬಿಸಿ ಆರೇಳು ಗಂಟೆ ಬರುತ್ತದೆ.

ಇದರಲ್ಲಿ ಮೂರು ವಿಷಯ ನೋಡಿಕೊಳ್ಳಬೇಕು. ಹರಿದ ತಕ್ಷಣ ಬಿಸಿಯಾಗುವುದಿಲ್ಲ, ಕಾಲು ಗಂಟೆ, ಇಪ್ಪತ್ತು ನಿಮಿಷ ಬೇಕು. ಅದಕ್ಕೇ ಟೆಂಟ್‌ನಲ್ಲೇ ಹರಿದು, ಅಲುಗಾಡಿಸಿ, ಜೇಬಿನಲ್ಲಿ ಇಟ್ಟುಕೊಂಡು ಹೊರಡಿ. ಎರಡನೆಯದು, ಗಾಳಿಯಾಡದ ಬಿಗಿ ಗ್ಲೌಸ್ ಒಳಗೆ ತುರುಕಿದರೆ ಆರಿಹೋದ ಹಾಗಾಗುತ್ತದೆ. ಮೂರನೆಯದು ಎತ್ತರ. 12,500 ಅಡಿಯಲ್ಲಿ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಕಡಿಮೆಯೇ ಆಮ್ಲಜನಕ ಸಿಗುತ್ತದೆ. ಹಾಗಾಗಿ ಊರಿನಲ್ಲಿ ಪರೀಕ್ಷೆ ಮಾಡಿದಷ್ಟು ಬಿಸಿ ಅಲ್ಲಿ ಬರುವುದಿಲ್ಲ. ಅರ್ಧ ಬಳಸಿ ಉಳಿದರೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿಡಿ. ತುಕ್ಕು ನಿಲ್ಲುತ್ತದೆ, ಮತ್ತೆ ತೆರೆದಾಗ ಶುರುವಾಗುತ್ತದೆ.

ಇನ್ನೊಂದು ಥರ, ಒಳಗೆ ಸೋಡಿಯಂ ಅಸಿಟೇಟ್ ದ್ರವ ಇದ್ದು ಲೋಹದ ಬಿಲ್ಲೆ ಮಡಚಿದರೆ ಗಟ್ಟಿಯಾಗುತ್ತಾ ಬಿಸಿಯಾಗುವುದು. ಮತ್ತೆ ಬಳಸಬೇಕಾದರೆ ನೀರಿನಲ್ಲಿ ಕುದಿಸಬೇಕು. ಅದು ಒಂದು ಗಂಟೆಯೂ ಬರುವುದು ಕಷ್ಟ. ಚಾರಣಕ್ಕೆ ಮೊದಲನೆಯದೇ ಸರಿ.

ಹಾಸನದ_ವೈದ್ಯೆ:
ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ. ಆ ಪ್ಯಾಕೆಟ್ ಬರಿ ಚರ್ಮಕ್ಕೆ ತಾಗಬಾರದು. ಲೈನರ್ ಮೇಲೆ, ಕೈ ಹಿಂಬದಿಗೆ ಇಡಿ. ಮರಗಟ್ಟಿದ ಬೆರಳಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದು ಕೈಕಾಲಿನ ಸ್ಪರ್ಶ ಕಡಿಮೆ ಇರುವವರು ಇನ್ನೂ ಜಾಗ್ರತೆ.

ಗಾಳಿಗುಡ್ಡ:
ಬಳಸಿದ ಪ್ಯಾಕೆಟ್ ಅಲ್ಲೇ ಎಸೆದು ಬರಬೇಡಿ ಪ್ಲೀಸ್. ಆ ಕಾಡು ಗೋವಿಂದ ವನ್ಯಧಾಮದ್ದು. ಹಿಮ ಕರಗಿದ ಮೇಲೆ ಏಪ್ರಿಲ್‌ನಲ್ಲಿ ಹೋದರೆ ನಮ್ಮ ಜನ ಬಿಟ್ಟು ಬಂದ ಪ್ಲಾಸ್ಟಿಕ್ ಎಲ್ಲ ಮೇಲೆ ಬಂದಿರುತ್ತದೆ. ನೋಡಲು ಆಗುವುದಿಲ್ಲ.

ಸಾಗರದ_ಅಜ್ಜಿಮನೆ:
ನಮ್ಮಲ್ಲಿ ಚಳಿಗೆ ಅಗ್ಗಿಷ್ಟಿಕೆ ಇಟ್ಟುಕೊಳ್ಳುತ್ತಿದ್ದರು. ಕಾಶ್ಮೀರದವರ ಕಾಂಗ್ಡಿ ನೋಡಿದ್ದೀರಾ? ಬೆತ್ತದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ಫೆರನ್ ಅನ್ನುವ ಸಡಿಲ ನಿಲುವಂಗಿಯ ಒಳಗೆ ಹಿಡಿದುಕೊಂಡೇ ಬೀದಿಯಲ್ಲಿ ಓಡಾಡುತ್ತಾರೆ. ಎಷ್ಟು ಸರಳ ಅಲ್ವಾ? ಟೆಂಟ್‌ನಲ್ಲಿ ಅಂಥದ್ದೊಂದು ಇಟ್ಟುಕೊಳ್ಳಬಹುದಲ್ಲ?

ಹಳೇ_ಫೌಜಿ:
ಬೇಡವೇ ಬೇಡ ತಾಯಿ. ಮುಚ್ಚಿದ ಟೆಂಟ್‌ನಲ್ಲಿ ಕೆಂಡ, ಸ್ಟೌ ಏನೂ ಇಡಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಪ್ರತಿ ಚಳಿಗಾಲ ಉತ್ತರ ಭಾರತದ ಪೇಪರ್‌ಗಳಲ್ಲಿ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಮನೆಯೊಳಗೆ ಕೆಂಡದ ಒಲೆ ಇಟ್ಟುಕೊಂಡು ಮಲಗಿದವರು.

ಹಾಸನದ_ವೈದ್ಯೆ:
ಕಾಂಗ್ಡಿಯನ್ನು ವರ್ಷಗಟ್ಟಲೆ ಹೊಟ್ಟೆ, ತೊಡೆಗೆ ಒತ್ತಿಕೊಂಡವರಲ್ಲಿ ಆ ಜಾಗದಲ್ಲೇ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡದ್ದು ವೈದ್ಯ ಪುಸ್ತಕಗಳಲ್ಲಿ ಕಾಂಗ್ಡಿ ಕ್ಯಾನ್ಸರ್ ಅಂತಲೇ ದಾಖಲಾಗಿದೆ. ಟೆಂಟ್‌ಗೆ ಸುಲಭ ಉಪಾಯ ಬೇರೆ ಇದೆ. ಬಿಸಿನೀರಿನ ಬಾಟಲಿಗೆ ಕಾಲುಚೀಲ ತೊಡಿಸಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಳ್ಳಿ. ಮುಚ್ಚಳ ಸೋರದ ಹಾಗೆ ಗಟ್ಟಿಯಾಗಿ ತಿರುಗಿಸಿ.

ಸಕಲೇಶಪುರದ_ಚಾರಣಿಗ:
ಅದೇ ಬಾಟಲಿ ಪಕ್ಕ ಗ್ಲೌಸ್, ಲೈನರ್ ಇಟ್ಟರೆ ಬೆಳಗಿನ ಜಾವ ಬೆಚ್ಚಗೆ ಸಿಗುತ್ತವೆ. ಟೆಂಟ್ ಹೊರಗಿನ ಭಾಗದಲ್ಲಿ ಬಿಟ್ಟರೆ ಹಲಗೆಯಾಗಿರುತ್ತವೆ. ಒದ್ದೆ ಗ್ಲೌಸನ್ನು ಬೆಂಕಿಗೆ ಹಿಡಿದು ಒಣಗಿಸಬೇಡಿ, ಸಿಂಥೆಟಿಕ್ ಬಟ್ಟೆ ಕರಗಿಹೋಗುತ್ತದೆ.

ಚಳ್ಳಕೆರೆ_ಕಂಬಳಿ:
ನೀವೆಲ್ಲ ಮೆರಿನೊ ಮೆರಿನೊ ಅನ್ನುತ್ತಿದ್ದೀರಿ. ನಮ್ಮ ದಖ್ಖನಿ ಕುರಿ ಉಣ್ಣೆಗೇನಾಗಿದೆ? ಕುರಿ ಕಾಯುವವರು ಮಳೆ, ಚಳಿ ಎರಡಕ್ಕೂ ಒಂದೇ ಕಂಬಳಿ ಕೊಪ್ಪೆ ಹಾಕಿಕೊಂಡು ಕಾಲ ಕಳೆದಿದ್ದಾರೆ. ಒದ್ದೆಯಾದರೂ ಉಣ್ಣೆ ಬಿಸಿ ಬಿಡುವುದಿಲ್ಲ. ಅದರಲ್ಲೇ ಗ್ಲೌಸ್ ಹೆಣೆಸಿ.

ಗಾಳಿಗುಡ್ಡ:
ಒದ್ದೆಯಾದರೂ ಬೆಚ್ಚಗಿರುತ್ತದೆ ಅನ್ನೋದು ಸರಿ. ಆದರೆ ದಖ್ಖನಿ ಉಣ್ಣೆ ಒರಟು, ಚರ್ಮಕ್ಕೆ ಚುಚ್ಚುತ್ತದೆ. ಕೈಯಲ್ಲಿ ಹೆಣೆದದ್ದರ ಕಣ್ಣಿನಲ್ಲಿ ಗಾಳಿ ನುಗ್ಗುತ್ತದೆ.

ಚಳ್ಳಕೆರೆ_ಕಂಬಳಿ:
ಒಳಗೆ ನಿಮ್ಮ ಲೈನರ್ ಇದೆ, ಹೊರಗೆ ಗಾಳಿ ತಡೆಯುವ ಕವಚ ಇದೆ ಅಂದಿರಲ್ಲ. ನಡುವಿನ ಪದರ ನಮ್ಮ ಉಣ್ಣೆ ಆದರೆ ಏನು ತೊಂದರೆ? ಒರಟು ಅಂತ ಕೊಳ್ಳುವವರಿಲ್ಲದೆ ಕುರಿ ಕತ್ತರಿಸಿದ ಉಣ್ಣೆ ಸುಮ್ನೆ ಬಿದ್ದಿರುತ್ತದೆ. ನಾವೇ ಬಳಸದಿದ್ದರೆ ಇನ್ಯಾರು ಬಳಸಬೇಕು?

ಗಾಳಿಗುಡ್ಡ:
ನಡುವಿನ ಪದರ ಅಂದರೆ ಒಪ್ಪುತ್ತೇನೆ. ಹೆಣೆದು ಕೊಡುವವರು ಇದ್ದರೆ ಹೇಳಿ, ನಾನೂ ಒಂದು ಜೊತೆ ತೆಗೆದುಕೊಳ್ಳುತ್ತೇನೆ.

ಒಟ್ಟಾವಾದಿಂದ:
ನಾನು ಕೆನಡಾದಲ್ಲಿ ಇದ್ದೇನೆ, ತಿಪಟೂರಿನವನು. ಇಲ್ಲಿ ಚಳಿಗಾಲದಲ್ಲಿ ರಿಡೋ ಕಾಲುವೆ ಹೆಪ್ಪುಗಟ್ಟುತ್ತದೆ, 7.8 ಕಿ.ಮೀ. ಉದ್ದಕ್ಕೆ ಜನ ಸ್ಕೇಟಿಂಗ್ ಮಾಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವಾಗ ನಾನು ಪಾಲಿಸುವ ಕ್ರಮ ಹೇಳುತ್ತೇನೆ. ಮನೆಯೊಳಗೆ ಇರುವಾಗಲೇ ಮಿಟನ್ ಹಾಕಬೇಕು. ಹೊರಗೆ ಹೋಗಿ ಕೈ ತಣ್ಣಗಾದ ಮೇಲೆ ಹಾಕಿದರೆ ತಣ್ಣನೆ ಕೈಯನ್ನೇ ಒಳಗೆ ಕಾಪಾಡಿದ ಹಾಗಾಗುತ್ತದೆ. ಮಿಟನ್‌ಗೆ ತನ್ನದೇ ಬಿಸಿ ಇರುವುದಿಲ್ಲ.

ಇನ್ನೊಂದು, ಹಿಮ ತೆಗೆಯುವ ಕೆಲಸ. ಸಲಿಕೆ ಹಿಡಿದು ಹತ್ತು ನಿಮಿಷಕ್ಕೆ ಬೆವರು ಬರುತ್ತದೆ. ಬೆವರು ಬರುವ ಮುಂಚೆಯೇ ಒಂದು ಪದರ ತೆಗೆಯಬೇಕು. ನಿಲ್ಲಿಸಿದ ಕೂಡಲೇ ಮತ್ತೆ ಹಾಕಬೇಕು. ನಮ್ಮ ಕಡೆಯಿಂದ ಹೊಸದಾಗಿ ಬಂದವರು ಇದ್ದಬದ್ದದ್ದೆಲ್ಲ ಹಾಕಿಕೊಂಡು ಒಳಗೆ ಒದ್ದೆಯಾಗಿ ನಡುಗುತ್ತಾರೆ.

ಮಲ್ಲಿಗೆ_ಹಂಬು:
ಆ ಕಾಲುವೆ ಒಂದು ವರ್ಷ ಹೆಪ್ಪುಗಟ್ಟಲೇ ಇಲ್ಲ ಅಂತ ಓದಿದ್ದೆ?

ಒಟ್ಟಾವಾದಿಂದ:
ಹೌದು, 2022-23ರ ಚಳಿಗಾಲದಲ್ಲಿ ಸ್ಕೇಟಿಂಗ್‌ಗೆ ತೆರೆಯುವಷ್ಟು ಗಟ್ಟಿಯಾಗಲಿಲ್ಲ. 1970ರ ದಶಕದಿಂದ ನಡೆದುಕೊಂಡು ಬಂದದ್ದು, ಒಂದು ಇಡೀ ಚಳಿಗಾಲ ತೆರೆಯದೇ ಹೋದದ್ದು ಅದೇ ಮೊದಲು. ಮಕ್ಕಳಿಗೆ ತುಂಬ ಬೇಜಾರಾಯಿತು. ಇರಲಿ, ವಿಷಯಕ್ಕೆ ಬರೋಣ. ಕೈ ತೀರಾ ತಣ್ಣಗಾದರೆ ನಿಂತು ತೋಳನ್ನು ಪೂರ್ತಿ ಗುಂಡಗೆ ಜೋರಾಗಿ ಬೀಸಿ. ರಕ್ತ ಬೆರಳ ತುದಿಗೆ ನುಗ್ಗುತ್ತದೆ. ನಮ್ಮ ಮಕ್ಕಳು ಸಾಲಾಗಿ ನಿಂತು ಬೀಸುತ್ತಾರೆ.

ತುಂಗಾತೀರ:
ಎಷ್ಟೊಂದು ವಿಷಯ ತಿಳಿಯಿತು, ಎಲ್ಲರಿಗೂ ಧನ್ಯವಾದ. ತಂಗಿಗೆ ಓದಿ ಹೇಳಿದೆ. ಗೆರೆ ಎಳೆದ ಹಾಗೆ ಬೆಳ್ಳಗಾಗುವುದು, ಆಮೇಲೆ ನೀಲಿ, ಕೆಂಪು ಎಲ್ಲ ಹೌದಂತೆ. ಗುರುವಾರ ವೈದ್ಯರ ಹತ್ತಿರ ಹೋಗುತ್ತಿದ್ದೇವೆ.

ಇನ್ನು ಎರಡು ಪ್ರಶ್ನೆ. ವಾಕಿಂಗ್ ಕೋಲು ಹಿಡಿದರೆ ಕೈ ಯಾವಾಗಲೂ ಹೊರಗೇ ಇರುತ್ತದಲ್ಲ, ಏನು ಮಾಡುವುದು? ಅಕಸ್ಮಾತ್ ಬೆರಳು ಮರಗಟ್ಟಿದರೆ ಹಿಮದಿಂದ ಉಜ್ಜಬೇಕು ಅಂತ ಯಾರೋ ಹೇಳಿದರು, ನಿಜವಾ?

ಹಾಸನದ_ವೈದ್ಯೆ:
ಹಿಮದಿಂದ ಉಜ್ಜುವುದು ಹಳೇ ತಪ್ಪು ನಂಬಿಕೆ. ಹೆಪ್ಪುಗಟ್ಟಿದ ಚರ್ಮ ಉಜ್ಜಿದರೆ ಒಳಗೇ ಹರಿಯುತ್ತದೆ. ಬರೀ ಬೆಳ್ಳಗಾಗಿ ಮರಗಟ್ಟಿದ್ದು, ಇನ್ನೂ ಮೆತ್ತಗಿದ್ದರೆ ಕಂಕುಳಲ್ಲಿ ಇಟ್ಟುಕೊಳ್ಳಿ. ಗೆಳತಿಯ ಹೊಟ್ಟೆಯ ಬಿಸಿಯೂ ಆಗುತ್ತದೆ, ನಾಚಿಕೆ ಬೇಡ. ಬಿಸಿ ಬರುವಾಗ ಕಣ್ಣೀರು ಬರುವಷ್ಟು ನೋಯಬಹುದು. ಅದಕ್ಕೆ ಹೆದರಬೇಡಿ, ರಕ್ತ ವಾಪಸ್ ಬರುತ್ತಿದೆ ಅಂತ ಅರ್ಥ.

ಬೆರಳು ಮೇಣದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಅದು ಹಿಮಕಡಿತ. ಕೂಡಲೇ ಉಂಗುರ ತೆಗೆಯಿರಿ, ಆಮೇಲೆ ಊದಿಕೊಳ್ಳುತ್ತದೆ. ಉಂಗುರ ಮನೆಯಲ್ಲೇ ಬಿಟ್ಟು ಹೋಗುವುದು ಇನ್ನೂ ಒಳ್ಳೆಯದು. ಬೆಂಕಿಗೆ ಹಿಡಿಯಬೇಡಿ. 37ರಿಂದ 39 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಮುಳುಗಿಸಬೇಕು. ಮೊಣಕೈ ಅದ್ದಿದರೆ ಹಿತವಾಗಿ ಬೆಚ್ಚಗಿರಬೇಕು, ಸುಡಬಾರದು. ಮಗುವಿಗೆ ಸ್ನಾನ ಮಾಡಿಸುವ ನೀರಿನ ಹದ. ಮತ್ತೆ ಚಳಿಗೆ ಹೆಪ್ಪುಗಟ್ಟುವ ಸಂದರ್ಭ ಇದ್ದರೆ ಆ ಜಾಗದಲ್ಲಿ ಕರಗಿಸಲೇಬಾರದು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಜಾಸ್ತಿ. ಒಣಬಟ್ಟೆ ಸಡಿಲವಾಗಿ ಸುತ್ತಿ, ಗೈಡ್‌ಗೆ ಹೇಳಿ ಕೆಳಗಿಳಿಯಿರಿ.

ಸಕಲೇಶಪುರದ_ಚಾರಣಿಗ:
ಕೋಲಿನ ವಿಷಯ: ಹಿಡಿ ಕಾರ್ಕ್ ಅಥವಾ ಫೋಮ್‌ನದ್ದಿರಲಿ. ಮಣಿಕಟ್ಟಿನ ಪಟ್ಟಿ ಬಿಗಿಯಬೇಡಿ, ಅದೇ ರಕ್ತ ತಡೆಯುತ್ತದೆ. ಗಟ್ಟಿಯಾಗಿ ಹಿಡಿಯದೆ ಸುಮ್ನೆ ಸಡಿಲವಾಗಿ ಹಿಡಿದು ನಡೆಯಿರಿ. ದಾರಿ ಸಮ ಇರುವ ಕಡೆ ಎರಡೂ ಕೋಲು ಒಂದೇ ಕೈಗೆ ಕೊಟ್ಟು ಇನ್ನೊಂದು ಕೈ ಜೇಬಿಗೆ ಹಾಕಿ, ಆಮೇಲೆ ಅದಲುಬದಲು. ಇಳಿಜಾರಿನಲ್ಲಿ ಮಾತ್ರ ಹಾಗೆ ಮಾಡಬೇಡಿ.

ಜಾಕೆಟ್, ಬ್ಯಾಗ್, ಗೇಟರ್ (ಬೂಟಿನ ಮೇಲೆ ಕಾಲಿಗೆ ಕಟ್ಟುವ ಕವಚ) ಎಲ್ಲದರ ಜಿಪ್ಪಿಗೆ ಬೆರಳುದ್ದದ ದಾರ ಕಟ್ಟಿಕೊಳ್ಳಿ. ಮಿಟನ್ ಹಾಕಿಕೊಂಡೇ ಎಳೆಯಬಹುದು. ಮನೆಯಲ್ಲಿ ಒಂದು ಸಂಜೆ ಲೈಟ್ ಆರಿಸಿ, ಹೆಡ್‌ಲ್ಯಾಂಪ್ ಹಾಕಿ, ಲೈನರ್ ಕೈಯಲ್ಲಿ ಮೈಕ್ರೋಸ್ಪೈಕ್ಸ್ ಹಾಕಿ ತೆಗೆದು ಅಭ್ಯಾಸ ಮಾಡಿ. ರಬ್ಬರ್ ಚಳಿಗೆ ಗಡುಸಾಗಿರುತ್ತದೆ. ಅಲ್ಲಿ ಹೋಗಿ ಕಲಿಯುತ್ತಾ ಕೂತರೆ ಬೆರಳು ಹೋಯಿತು ಅಂತಲೇ.

ತುಂಗಾತೀರ:
ಮೈಕ್ರೋಸ್ಪೈಕ್ಸ್ ಸಾಂಕ್ರಿಯಲ್ಲೇ ಬಾಡಿಗೆಗೆ ತೆಗೆದುಕೊಳ್ಳೋಣ ಅಂತಿದ್ದೆವು.

ಸಕಲೇಶಪುರದ_ಚಾರಣಿಗ:
ಸಿಗುತ್ತದೆ. ಹಾಗಾದರೆ ಹಿಂದಿನ ಸಂಜೆಯೇ ಅಲ್ಲೇ ಕೂತು ಅಭ್ಯಾಸ ಮಾಡಿ. ಗ್ಲೌಸ್ ಮಾತ್ರ ಬಾಡಿಗೆಗೆ ಬೇಡ. ಸೈಜ್ ಸಿಗುವುದಿಲ್ಲ, ಹಿಂದಿನವರ ಬೆವರಿನ ಒದ್ದೆ ಆರಿರುವುದೂ ಇಲ್ಲ. ಲೈನರ್ ಎರಡು ಜೊತೆ ಒಯ್ಯಿರಿ, ಒಂದು ಒದ್ದೆಯಾದರೆ ಇನ್ನೊಂದು.

ಹುಬ್ಬಳ್ಳಿ_ಹುಡುಗಿ:
ಕಡ್ಲೆಬೀಜ, ಬೆಲ್ಲ, ಅಂಟಿನುಂಡಿ ಜೇಬಿನಾಗ ಇಟ್ಟುಕೊಳ್ರಿ ಅಕ್ಕ. ಹಸಿದ ಹೊಟ್ಟೆಗೆ ಚಳಿ ಜಾಸ್ತಿ. ಮಿಟನ್ ತೆಗೀದೆ ಬಾಯಿಗೆ ಹಾಕೋ ಹಂಗ ಸಣ್ಣ ಉಂಡಿ ಕಟ್ಟಿಸ್ರಿ.

ಬುಲೆಟ್_ಬಸು:
ಬ್ಯಾಟರಿ ಗ್ಲೌಸ್ ಯಾರೂ ಹೇಳಲಿಲ್ಲವಲ್ಲ? ತಂಗಿಗೆ ಅದು ಒಳ್ಳೆಯದಿರಬಹುದು.

ಹಾಸನದ_ವೈದ್ಯೆ:
ರೇನೋ ಇರುವ ಕೆಲವರು ಬಳಸುತ್ತಾರೆ, ಅನುಕೂಲವೂ ಆಗುತ್ತದೆ. ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಅದೊಂದನ್ನೇ ನಂಬಿ ಹೋಗಬೇಡಿ, ಮಿಟನ್ ಜೊತೆಗಿರಲಿ.

ತುಂಗಾತೀರ:
ಸರಿ ಮೇಡಂ. ವೈದ್ಯರನ್ನು ಕೇಳಿ ಅವಳಿಗೊಂದು ಜೊತೆ ತರಿಸುತ್ತೇನೆ. ಅದರ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲ ದೊಡ್ಡ ಬ್ಯಾಗಿಗೆ ಹಾಕಿ ವಿಮಾನದಲ್ಲಿ ಕಳಿಸಬಹುದಾ?

ಕ್ಯಾಮೆರಾ_ಕಣ್ಣು:
ಇಲ್ಲ. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ. ಕೈಚೀಲದಲ್ಲೇ ಒಯ್ಯಬೇಕು. ತುದಿಗಳಿಗೆ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಇಡಿ. ಬಿಸಿ ಪ್ಯಾಕೆಟ್ ಬಗ್ಗೆ ನಿಮ್ಮ ವಿಮಾನ ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ.